ಎರಡು ಸೆಕೆಂಡಿನ ಜಟ್ಟಿ

ಬೀರು ಮೊದಲ ಮೆಟ್ಟಿಲನ್ನು ದೊಡ್ಡ ಮನೆತನದ ಹೆಂಗಸಿನಂತೆ ಗಂಭೀರವಾಗಿಯೇ ಇಳಿಯಿತು. ಎರಡನೆಯದರಲ್ಲಿ ಮುಗ್ಗರಿಸಿತು. ಮೂರನೆಯದರಿಂದಾಚೆಗೆ ಅದಕ್ಕೆ ಯಾರ ಹಂಗೂ ಉಳಿಯಲಿಲ್ಲ. ಮುಚ್ಚಿಹೋದ ಕಾರ್ಖಾನೆಯ ಮೆಟ್ಟಿಲುಗಳ ಮೇಲೆ ದಢಬಡ ಉರುಳಿ, ತಿರುವಿನ ಗೋಡೆಗೆ ಹಣೆ ಚಚ್ಚಿಕೊಂಡು, ಪಕ್ಕದ ಕಬ್ಬಿಣದ ಕಂಬಿಯನ್ನು ಬುಡಸಮೇತ ಕಿತ್ತುಕೊಂಡು, ಕೆಳಗಿನ ಸಿಮೆಂಟು ನೆಲಕ್ಕೆ ಮಗ್ಗುಲಾಗಿ ಅಪ್ಪಳಿಸಿತು. ಒಂದು ಬಾಗಿಲು ಕಳಚಿ, ಕೈಜಾರಿದ ತಟ್ಟೆಯಂತೆ ಗಿರಗಿರ ತಿರುಗಿ, ಬಹಳ ಹೊತ್ತು ಕುಣಿದು ಸುಮ್ಮನಾಯಿತು.

ಬೀರುವಿನ ಒಳಗೆ ಒಬ್ಬ ಮನುಷ್ಯನಿದ್ದ.

ಯಾರೂ ಅಲುಗಲಿಲ್ಲ. ಕ್ಯಾಮೆರಾ ಹಿಡಿದಿದ್ದ ಕುಳ್ಳ ಉಸಿರು ಬಿಗಿಹಿಡಿದ. ಸಿನಿಮಾದ ಯಜಮಾನರಾದ ಸೀಟಿ ಮೇಷ್ಟ್ರು ಬಲಗೈ ಎತ್ತಿ ನಿಂತರು. ಒಂದು ಕಾಲಕ್ಕೆ ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದ ಅವರು ಆ ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಅವರ ಕೈ ಮೇಲಿರುವಷ್ಟು ಹೊತ್ತು ಯಾರೂ ಕದಲುವ ಹಾಗಿಲ್ಲ. ಬೀರುವಿನೊಳಗಿದ್ದವನ ತಂಗಿ, ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿ ಹಿಡಿದಿದ್ದವಳು, ಕಿವಿಯ ಮೇಲಿನ ಹೆಡ್‌ಫೋನನ್ನು ಭುಜದಿಂದ ಒತ್ತಿಕೊಂಡಳು. ಬೀರುವಿನೊಳಗಿನ ಉಸಿರು ಮೊದಲು ಕೇಳಿಸಲಿಲ್ಲ. ಏನೋ ತೊಟ್ಟಿಕ್ಕುವ ಸದ್ದು ಕೇಳಿಸಿತು. ಆಮೇಲೆ ಉಸಿರು.

ಕಡೆಗೆ ಬೀರುವಿನಿಂದ ಒಂದು ಪಾತ್ರೆ ಹೊರಗೆ ಇಣುಕಿತು. ಹೆಲ್ಮೆಟ್ ಹಾಕಿಕೊಂಡವನು ಬಿದ್ದರೆ ನಗು ಬರುವುದಿಲ್ಲ, ಪಾತ್ರೆ ಕವುಚಿಕೊಂಡವನು ಬಿದ್ದರೆ ಬರುತ್ತದೆ ಎಂಬುದು ಮೇಷ್ಟ್ರ ಸಿದ್ಧಾಂತ. ಪಾತ್ರೆಯ ಕೆಳಗೆ ಅಣ್ಣನ ಮುಖ. ಹುಬ್ಬು ಸೀಳಿ ರಕ್ತ ಇಳಿದು ಒಂದು ಕಣ್ಣು ಮುಚ್ಚಿತ್ತು. ಅವನು ಹೆಬ್ಬೆರಳಿನಿಂದ ಮೇಲ್ದುಟಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸಿಕೊಂಡ. ಕ್ಯಾಮೆರಾದ ಕಡೆ ನೋಡಿ ಕೇಳಿದ:

"ಬಂತಾ?"

ಮೇಷ್ಟ್ರ ಕೈ ಇಳಿಯಿತು. ಸೀಟಿ ಕೂಗಿತು. ಕುಳ್ಳ ಮೆಟ್ಟಿಲ ಮೇಲೆಯೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ತಂಗಿಯೂ ನಕ್ಕಳು. ನಗದೆ ಇರಲು ಸಾಧ್ಯವೇ ಇರಲಿಲ್ಲ. ಅಷ್ಟು ಹೊತ್ತು ಅದುಮಿಟ್ಟಿದ್ದ ಭಯವೇ ನಗುವಾಗಿ ಹೊರಬರುತ್ತಿತ್ತು.

"ಬಂತು ಕಣೋ ಜಟ್ಟಿ, ಬಂತು!" ಎಂದರು ಮೇಷ್ಟ್ರು. "ನಿನ್ನ ಹೊಟ್ಟೆ ತಣ್ಣಗಿರಲಿ!"

ಜಟ್ಟಿ ಎಂಬುದು ಅಜ್ಜಿ ಇಟ್ಟ ಹೆಸರು. ಆರು ವರ್ಷದ ಹುಡುಗ ಕಾಂಪೌಂಡ್ ಗೋಡೆಯಿಂದ ಬಿದ್ದು, ಎರಡು ಮೊಣಕಾಲೂ ಕಿತ್ತುಹೋಗಿದ್ದರೂ ಅಳದೆ, ಮಣ್ಣು ಮೆತ್ತಿದ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಒರೆಸಿಕೊಂಡು ನಿಂತಿದ್ದನ್ನು ನೋಡಿ ಅಜ್ಜಿ, "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ನೋಡ್ರೇ!" ಎಂದು ನಕ್ಕಿದ್ದಳು. ಅವತ್ತಿನಿಂದ ಅವನಿಗೆ ಗೊತ್ತಾಗಿಹೋಯಿತು: ಬಿದ್ದರೆ ಬೈಗುಳ, ಬಿದ್ದು ತಕ್ಷಣ ಎದ್ದರೆ ನಗು. ಅಜ್ಜಿ ನಗಲಿ ಎಂದು ಅವನು ಮಂಚದಿಂದ ಬಿದ್ದ, ಏಣಿಯಿಂದ ಬಿದ್ದ, ಒಮ್ಮೆ ಸೈಕಲ್ಲಿನ ಸಮೇತ ಚರಂಡಿಗೆ ಬಿದ್ದ. ಅಜ್ಜಿ ಹೋದ ಮೇಲೆ ಊರಿಗೆ ಊರೇ ನಗಲಿ ಎಂದು ಬೀಳತೊಡಗಿದ.

ಊರು ನಗುತ್ತಲೂ ಇತ್ತು. ಅವರ ಆರು ಸಿನಿಮಾಗಳಲ್ಲಿ ಕಥೆ ಎಂಬುದು ಹುಡುಕಿದರೂ ಸಿಗದು. ಜಟ್ಟಿ ಹತ್ತೂ ಬೆರಳಿಗೆ ಇಲಿ ಕತ್ತರಿ ಕಚ್ಚಿಸಿಕೊಂಡು ಪಿಯಾನೋ ನುಡಿಸಲು ಹೋಗುವುದು, ಸಾಮಾನು ತಳ್ಳುವ ಗಾಡಿಯಲ್ಲಿ ಕೂತು ಇಳಿಜಾರಿನಲ್ಲಿ ಹೋಗಿ ಗ್ಯಾರೇಜಿನ ಬಾಗಿಲಿಗೆ ಗುದ್ದುವುದು, ಇಷ್ಟೇ. ಆದರೆ ಪಾಳಿ ಮುಗಿಸಿದ ಕೆಲಸಗಾರರು ಟಾಕೀಸಿಗೆ ನೇರ ಬಂದು, ಊಟದ ಡಬ್ಬಿ ತೊಡೆ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಒಮ್ಮೆ ಒಬ್ಬ ವೆಲ್ಡಿಂಗಿನವನು ಜಟ್ಟಿಯ ಕೈ ಹಿಡಿದುಕೊಂಡು ಹೇಳಿದ್ದ: "ಗುರುವೇ, ದಿನಾ ಬೆಳಗಾದ್ರೆ ಯಾರ್ಯಾರೋ ತುಳೀತಾರೆ ನಮ್ಮನ್ನ. ಹಂಗೆ ಥಟ್ ಅಂತ ಎದ್ದು ಮೀಸೆ ಒರೆಸ್ಕೊಳ್ಳೋಕೆ ನಮಗೆಲ್ಲಿ ಆಗುತ್ತೆ? ನೀನು ಎದ್ದಾಗ ನಾವೂ ಎದ್ದಂಗಾಗುತ್ತೆ." ತಂಗಿ ಪಕ್ಕದಲ್ಲೇ ಇದ್ದಳು. ಅಣ್ಣನ ಮುಖ ಅಜ್ಜಿಯ ಮುಂದೆ ನಿಂತ ಆರು ವರ್ಷದ ಹುಡುಗನ ಮುಖದಂತೆಯೇ ಅರಳಿದ್ದನ್ನು ಅವಳು ಕಂಡಳು.

ತಾನಾಗಿಯೇ ಎದ್ದು "ಬಂತಾ?" ಎಂದು ಕೇಳುವವರೆಗೆ ಬಿದ್ದವನನ್ನು ಯಾರೂ ಮುಟ್ಟಬಾರದು. ಆ ನಿಯಮವೂ ಸುಮ್ಮನೆ ಹುಟ್ಟಿದ್ದಲ್ಲ. ಎರಡನೆಯ ಸಿನಿಮಾದಲ್ಲಿ ಜಟ್ಟಿ ಛಾವಣಿಯಿಂದ ಬಿದ್ದಾಗ ಕುಳ್ಳ ಗಾಬರಿಯಾಗಿ ಕ್ಯಾಮೆರಾ ಬಿಟ್ಟು ಓಡಿದ್ದ. ಬೀಳುವುದು ಬಂತು, ಏಳುವುದು ಬರಲಿಲ್ಲ. ಏಳುವುದಿಲ್ಲದ ಬೀಳುವಿಕೆ ಯಾರಿಗೆ ಬೇಕು? ಮತ್ತೆ ಬೀಳಬೇಕಾಯಿತು. ಎರಡನೆಯ ಸಲ ಮುಂದಿನ ಎರಡು ಹಲ್ಲು ಹೋದವು. "ಮುಟ್ಟಿದ್ರೆ ಇನ್ನೊಂದು ಸಲ," ಎಂದು ರಕ್ತದ ಬಾಯಲ್ಲೇ ನಿಯಮ ಮಾಡಿದವನು ಜಟ್ಟಿ. ಕೈ ಎತ್ತುವುದನ್ನು ಸೇರಿಸಿದವರು ಮೇಷ್ಟ್ರು.

ಮನೆಯ ಹಿಂಬದಿಯ ಕೋಣೆ ತಂಗಿಯ ಕಾರ್ಖಾನೆ. ಅಲ್ಲೊಂದು ಕಂಪ್ಯೂಟರ್, ಒಂದು ಮೈಕು, ಒಂದು ಬುಟ್ಟಿ ತರಕಾರಿ. ನಿಜವಾದ ಪೆಟ್ಟಿಗೆ ಸದ್ದಿಲ್ಲ ಎಂಬುದು ಅವಳು ಈ ಕೆಲಸದಲ್ಲಿ ಕಲಿತ ಮೊದಲ ಪಾಠ. ಮನುಷ್ಯನ ಮೈ ನೆಲಕ್ಕೆ ಬಿದ್ದರೆ ಹಿಟ್ಟಿನ ಚೀಲ ಬಿದ್ದಂತೆ ಮಂಕಾಗಿ ಕೇಳುತ್ತದೆ. ಅದಕ್ಕೇ ಅವಳು ಎಲೆಕೋಸನ್ನು ಲಟ್ಟಣಿಗೆಯಿಂದ ಬಡಿದು ತಲೆ ಮಾಡುತ್ತಿದ್ದಳು, ಒದ್ದೆ ಟವೆಲನ್ನು ಗೋಡೆಗೆ ಬೀಸಿ ಬೆನ್ನು ಮಾಡುತ್ತಿದ್ದಳು, ಕ್ಯಾರೆಟ್ ಮುರಿದು ಪಕ್ಕೆಲುಬು ಮಾಡುತ್ತಿದ್ದಳು. "ನನ್ನ ಗಂಡನ ಎಲುಬನ್ನೆಲ್ಲ ನಾವೇ ಬೇಯಿಸ್ಕೊಂಡು ತಿಂತಿದೀವಲ್ಲೇ," ಎಂದು ಅತ್ತಿಗೆ ಬುಟ್ಟಿ ಎತ್ತಿಕೊಂಡು ಹೋಗುವಾಗ ತಮಾಷೆ ಮಾಡುತ್ತಿದ್ದಳು.

ಅತ್ತಿಗೆ ಸಿಟಿ ಬಸ್ಸು ಓಡಿಸುವವಳು. ಶೂಟಿಂಗಿಗೆ ಒಂದು ದಿನವೂ ಬಂದವಳಲ್ಲ. "ನಂಗೆ ನೋಡಕ್ಕಾಗಲ್ಲ. ನೀನಿರ್ತೀಯಲ್ಲ, ಆ ಧೈರ್ಯಕ್ಕೆ ಕಳಿಸ್ತೀನಿ," ಎನ್ನುತ್ತಿದ್ದಳು. ತೆರೆಯ ಮೇಲೆ ಮಾತ್ರ ನೋಡುತ್ತಿದ್ದಳು. ತೆರೆಯ ಮೇಲೆ ಜಟ್ಟಿ ಬೀಳುತ್ತಿದ್ದ, ಒಂದು, ಎರಡು, "ಬಂತಾ?" ಅವಳ ಭುಜ ಸಡಿಲವಾಗುತ್ತಿತ್ತು.

ಆ ಎರಡು ಸೆಕೆಂಡು ತಂಗಿಯ ಕೈಚಳಕ. ಒಂದೇ ಸೆಕೆಂಡಿಗೆ ಎದ್ದರೆ ಸುಳ್ಳು ಎನಿಸುತ್ತದೆ, ನಾಲ್ಕಾದರೆ ಜನ ಕುರ್ಚಿಯಲ್ಲಿ ಮಿಸುಕಾಡುತ್ತಾರೆ. ಎರಡು ಎಂದರೆ ಎರಡು. ಎಷ್ಟು ಹೊತ್ತು ಬಿದ್ದಿದ್ದರೂ ಅವಳು ನಡುವಿನ ಮೌನವನ್ನು ಕತ್ತರಿಸಿ ಎರಡಕ್ಕೆ ತರುತ್ತಿದ್ದಳು. ಕತ್ತರಿಸಿದ್ದನ್ನು ಎಸೆಯುತ್ತಿರಲಿಲ್ಲ. ಒಂದೊಂದು ಜಾಗದ ಮೌನಕ್ಕೂ ಒಂದೊಂದು ಬಣ್ಣವಿರುತ್ತದೆ, ಬೇರೆ ಕಡೆ ಹರಿದುಹೋದ ಸದ್ದಿಗೆ ತೇಪೆ ಹಾಕಲು ಅದು ಬೇಕಾಗುತ್ತದೆ. ಹಳೆ ಬಟ್ಟೆಯ ಚೂರುಗಳನ್ನು ಅಜ್ಜಿ ಗಂಟು ಕಟ್ಟಿಡುತ್ತಿದ್ದಂತೆ ಅವಳು ಆರು ಸಿನಿಮಾಗಳ ಮೌನವನ್ನು ಒಂದು ಕಡೆ ಕೂಡಿಟ್ಟಿದ್ದಳು.

ಬೀರುವಿನ ಮರುದಿನ ತೇಪೆಗೊಂದು ಚೂರು ಬೇಕೆಂದು ಆ ಗಂಟು ಬಿಚ್ಚಿದಳು. ಹುಡುಕಲು ಸುಲಭವಾಗಲಿ ಎಂದು ಎಲ್ಲ ಚೂರುಗಳನ್ನು ಹಳೆಯದರಿಂದ ಹೊಸದಕ್ಕೆ ಒಂದರ ಕೆಳಗೊಂದು ಜೋಡಿಸಿದಳು. ಜೋಡಿಸಿ, ಕುರ್ಚಿಗೆ ಒರಗಿ ನೋಡಿದಳು.

ಒಂದಕ್ಕಿಂತ ಒಂದು ಉದ್ದವಾದ ಚೂರುಗಳು ಪರದೆಯ ಮೇಲೆ ಮೆಟ್ಟಿಲುಗಳಂತೆ ಇಳಿದಿದ್ದವು. ಗೋಡೆಯಿಂದ ಹಾರಿದ್ದಕ್ಕೆ ಮೂರು ಸೆಕೆಂಡು. ಗ್ಯಾರೇಜಿನ ಬಾಗಿಲಿಗೆ ಐದು. ಕೊಳದ ಅಂಚಿಗೆ ತಲೆ ಬಡಿದದ್ದಕ್ಕೆ ಒಂಬತ್ತು. ಹೋದ ವರ್ಷ ಚಲಿಸುವ ಟ್ರಾಕ್ಟರಿನಿಂದ ಬಿದ್ದದ್ದಕ್ಕೆ ಹದಿಮೂರು. ನಿನ್ನೆಯ ಬೀರುವಿಗೆ ಹತ್ತೊಂಬತ್ತು.

ಹೆಡ್‌ಫೋನ್ ಹಾಕಿಕೊಂಡು ಹತ್ತೊಂಬತ್ತನ್ನೂ ಕೇಳಿದಳು. ಮೊದಲ ಎಂಟರಲ್ಲಿ ಉಸಿರೇ ಇರಲಿಲ್ಲ. ಅಣ್ಣ ಇತ್ತೀಚೆಗೆ ಕೀಲಿ ಎಲ್ಲಿಟ್ಟೆ ಎಂದು ದಿನಕ್ಕೆ ಹತ್ತು ಸಲ ಕೇಳುವುದು, ಮಾತಿನ ನಡುವೆ ಪದಕ್ಕಾಗಿ ತಡಕಾಡುವುದು, ಬಿಸಿಲಿಗೆ ಬಂದರೆ ವಾಂತಿ ಮಾಡುವುದು ಎಲ್ಲ ಒಟ್ಟಿಗೆ ನೆನಪಾಯಿತು. ಯಾರಿಗೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಕಾಣಬೇಕಾದದ್ದನ್ನೆಲ್ಲ ಕತ್ತರಿಸಿ ಗಂಟು ಕಟ್ಟಿಟ್ಟವಳು ತಾನೇ.

ಜಟ್ಟಿ ಹುಬ್ಬಿಗೆ ಏಳು ಹೊಲಿಗೆ ಹಾಕಿಸಿಕೊಂಡು ಅಡುಗೆಮನೆಯಲ್ಲಿ ಮೊಟ್ಟೆ ಸುಲಿಯುತ್ತಿದ್ದ.

"ಅಣ್ಣ, ಮುಂದಿನದು ಬೇಡ."

"ಯಾವುದು? ಗುಂಡಾ? ಅಯ್ಯೋ, ಅದೇ ಕಣೇ ಇಡೀ ಸಿನಿಮಾ! ಮೇಷ್ಟ್ರು ಕ್ರೇನಿಗೆ ಹೇಳಿಯಾಗಿದೆ."

ಕಟ್ಟಡ ಕೆಡವುವ ಕ್ರೇನಿನ ಕಬ್ಬಿಣದ ಗುಂಡಿಗೆ ಹಾಸಿಗೆ ಸುತ್ತಿ, ಸೋಫಾದಲ್ಲಿ ಕೂತು ಪೇಪರ್ ಓದುತ್ತಿರುವ ಜಟ್ಟಿಗೆ ಹಿಂದಿನಿಂದ ಬಡಿಸುವುದು. ಅದೇ ಗುಂಡು.

"ನಿನ್ನೆ ನೀನು ಹತ್ತೊಂಬತ್ತು ಸೆಕೆಂಡು ಎದ್ದಿಲ್ಲ."

"ಹೋಗೇ. ಎರಡೇ ಎರಡು. ಬಿದ್ದೆ, ಎದ್ದೆ."

"ಅದು ನಾನು ಮಾಡಿದ ಎರಡು."

"ಆರು ಸಿನಿಮಾ ನೋಡಿದೀನಿ ನಾನು. ಒಂದ್ರಲ್ಲಾದ್ರೂ ಲೇಟಾಗಿ ಎದ್ದಿದೀನಾ, ಹೇಳು?"

ತಂಗಿಗೆ ಆಗ ಹೊಳೆಯಿತು. ಬಿದ್ದವನಿಗೆ ಬಿದ್ದ ಹೊತ್ತಿನ ನೆನಪಿರುವುದಿಲ್ಲ. ಅವನಿಗಿರುವುದು ತೆರೆಯ ನೆನಪು. ಅವಳು ಕತ್ತರಿಸಿ ಹೊಲಿದ ಜಟ್ಟಿಯೇ ತಾನೆಂದು ಅವನು ನಂಬಿ ಕೂತಿದ್ದ.

"ಕೋಣೆಗೆ ಬಾ, ಕೇಳಿಸ್ತೀನಿ."

"ಸದ್ದಿಲ್ಲದ್ದನ್ನ ಏನೇ ಕೇಳಿಸ್ತೀಯ?" ಎಂದು ನಕ್ಕು ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ.

"ಸರಿ. ಹದಿನೈದು ದಾಟಿದ್ರೆ ನಾನು ಓಡಿ ಬರ್ತೀನಿ."

ಅವನ ದವಡೆ ನಿಂತಿತು. "ಬಂದ್ರೆ ನಾನು ಇನ್ನೊಂದು ಸಲ ಕೂರಬೇಕಾಗುತ್ತೆ. ಗೊತ್ತಲ್ಲ?"

ಅತ್ತಿಗೆಗೆ ಹೇಳಬೇಕೆಂದು ತಂಗಿ ಮೂರು ದಿನ ಬಾಗಿಲವರೆಗೆ ಹೋಗಿ ಹಿಂದೆ ಬಂದಳು. ಅಣ್ಣನ ಮೌನದ ವಿಷಯ ಹೇಳಿದರೆ ತನ್ನ ಕತ್ತರಿಯ ವಿಷಯವನ್ನೂ ಹೇಳಬೇಕಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಗುಂಡು ಬಂದೇ ಬಂತು.

ಅರ್ಧ ಕೆಡವಿದ ಕಟ್ಟಡದ ಅಂಗಳ. ಒಡೆದ ಇಟ್ಟಿಗೆ, ತಿರುಚಿದ ಸರಳು, ಧೂಳು. ಮಧ್ಯೆ ಗಾಲಿ ಹಚ್ಚಿದ ಕೆಂಪು ಸೋಫಾ. ಎದುರಿಗೆ ತೆಳ್ಳನೆಯ ಹಲಗೆಯ ಗೋಡೆ, ಅದನ್ನು ಸೀಳಿಕೊಂಡು ಸೋಫಾ ಆಚೆ ಹೋಗಬೇಕು. ಕ್ರೇನಿನವನು ಇಳಿದು ಬಂದು ಮೇಷ್ಟ್ರನ್ನು ಕೇಳಿದ: "ಸಾರ್, ನಿಜವಾಗ್ಲೂ ಬಿಡ್ಲಾ? ನಾನು ಗೋಡೆಗೆ ಬಿಟ್ಟು ಅಭ್ಯಾಸ. ಮನುಷ್ಯರಿಗೆ ಎಷ್ಟು ಬಿಡ್ಬೇಕು ಅಂತ ಗೊತ್ತಿಲ್ಲ."

"ಪ್ರೀತಿಯಿಂದ ಬಿಡಪ್ಪ," ಎಂದ ಜಟ್ಟಿ, ಪೇಪರ್ ಬಿಡಿಸುತ್ತ. ಎಲ್ಲರೂ ಗೊಳ್ಳೆಂದು ನಕ್ಕರು.

ಸೀಟಿ ಕೂಗಿತು. ಗುಂಡು ಹಿಂದಕ್ಕೆ ಹೋಗಿ, ಆಕಾಶದಲ್ಲಿ ಒಂದು ಗಳಿಗೆ ಯೋಚಿಸುವಂತೆ ನಿಂತು, ಬಂತು. ಸೋಫಾದ ಬೆನ್ನಿಗೆ ಬೀಳಬೇಕಿದ್ದದ್ದು ಒಂದು ಗೇಣು ಮೇಲಾಗಿ ಬಿತ್ತು. ಹಾಸಿಗೆಯ ಕಟ್ಟು ಹರಿದು ಹತ್ತಿ ಹೊಗೆಯಂತೆ ಎದ್ದಿತು. ಸೋಫಾ ಎಲ್ಲಿತ್ತೋ ಅಲ್ಲೇ ಉಳಿಯಿತು. ಜಟ್ಟಿ ಮಾತ್ರ ಅದರಿಂದ ಕಿತ್ತುಬಂದು, ಪೇಪರಿನ ಸಮೇತ ಹಾರಿ, ತಲೆ ಮುಂದಾಗಿ ಹಲಗೆಯ ಗೋಡೆ ಸೀಳಿ, ಆಚೆಯ ಇಟ್ಟಿಗೆ ರಾಶಿಗೆ ಬಡಿದು ಕೆಳಗೆ ಉರುಳಿದ. ಗೋಡೆಯಲ್ಲಿ ಕೈಕಾಲು ಚಾಚಿದ ಮನುಷ್ಯನ ಆಕಾರದ ತೂತು ಬಿದ್ದಿತ್ತು. ಕುಳ್ಳನ ಭುಜ ನಗುವಿನಿಂದ ಕುಲುಕಿತು. ಕ್ರೇನಿನವನು ಕೂಡ ನಕ್ಕ.

ಮೇಷ್ಟ್ರ ಕೈ ಮೇಲೆ ಹೋಯಿತು.

ತಂಗಿ ಎಣಿಸಿದಳು. ಐದು. ಎಂಟು. ಹೆಡ್‌ಫೋನಿನಲ್ಲಿ ಇಟ್ಟಿಗೆ ಚೂರುಗಳು ಜಾರುವ ಸದ್ದು. ಹನ್ನೆರಡು. ಹದಿನೈದು. ಅವಳ ಕಾಲು ಎದ್ದಿತು, ಮತ್ತೆ ನಿಂತಿತು. ಈಗ ಓಡಿದರೆ, ಹದಿನಾರಕ್ಕೆ ಅವನು ಎದ್ದರೆ, ಆ ಗುಂಡು ಅವನಿಗೆ ಇನ್ನೊಮ್ಮೆ ಬಡಿಯುತ್ತದೆ, ತನ್ನಿಂದ. ಹದಿನೆಂಟು. ಇಪ್ಪತ್ತು. ಓಡದೆ ಹೋದರೆ? ಇಪ್ಪತ್ತೈದು. ಆಗ ಕಿವಿಗೊಂದು ಸದ್ದು ಬಂತು.

ಗೊರಕೆ.

ನಿದ್ದೆ ಮಾಡುವವನ ಗೊರಕೆಯಲ್ಲ. ನೀರು ತುಂಬಿದ ಕೊಳವೆಯಲ್ಲಿ ಗಾಳಿ ಎಳೆದಂತೆ, ನಿಂತು, ಎಳೆದು, ನಿಂತು. ಕೋಸಿನಿಂದ, ಟವೆಲಿನಿಂದ, ಕ್ಯಾರೆಟ್ಟಿನಿಂದ ಅವಳು ಹನ್ನೊಂದು ವರ್ಷ ಎಷ್ಟೋ ಸದ್ದು ಹುಟ್ಟಿಸಿದ್ದಳು. ಈ ಸದ್ದು ಹುಟ್ಟಿಸಲು ಅವಳಿಗೆ ಯಾವತ್ತೂ ತೋಚಿರಲಿಲ್ಲ.

"ಮೇಷ್ಟ್ರೇ, ಕೈ ಇಳಿಸಿ!"

"ಶ್!" ಅವರ ಮುಖದ ತುಂಬ ನಗು. "ಎಷ್ಟು ಹೊತ್ತು ಎಳೀತಿದಾನೆ ನೋಡು ಬಡ್ಡೀಮಗ..."

ಅವಳು ಹೆಜ್ಜೆ ಇಟ್ಟಳು. ಮೇಷ್ಟ್ರು ಎತ್ತಿದ ಕೈ ಹಾಗೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಅವಳ ರಟ್ಟೆ ಹಿಡಿದರು. ಅವಳು ಕೊಸರಿದಳು. ಅವರು ಬಿಗಿ ಮಾಡಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಅಜ್ಜಿ ಹೇಳುತ್ತಿದ್ದದ್ದು ಇದನ್ನೇ ಇರಬೇಕು. ಆದರೆ ಆ ಇಲಿಗೊಂದು ಕೋಲು ಇದ್ದರೆ ಏನಾಗುತ್ತದೆಂದು ಅಜ್ಜಿ ಹೇಳಿರಲಿಲ್ಲ. ತಂಗಿ ಮೈಕಿನ ಕೋಲನ್ನು ಎರಡೂ ಕೈಯಿಂದ ಎಳೆದುಕೊಂಡು ಮೇಷ್ಟ್ರ ಮುಖಕ್ಕೆ ಅಡ್ಡಡ್ಡ ಬೀಸಿದಳು. ಮೂಗಿನ ಎಲುಬು ಲಟಕ್ಕೆಂದಿತು. ಸೀಟಿ ಬಾಯಿಗೆ ಸಿಕ್ಕಿ ಒಮ್ಮೆ ಕೀರಲು ಕೂಗಿತು. ಅವರು ಮೊಣಕಾಲೂರಿದರು, ಬೆರಳ ಸಂದಿಯಿಂದ ರಕ್ತ ಸುರಿಯಿತು. ಆದರೂ ರಟ್ಟೆ ಬಿಡಲಿಲ್ಲ. ಇನ್ನೊಂದು ಏಟು ಮಣಿಕಟ್ಟಿಗೆ ಬಿತ್ತು. ಬಿಟ್ಟರು.

ಕುಳ್ಳ ಕ್ಯಾಮೆರಾ ತಿರುಗಿಸಿ ಇದನ್ನೂ ಹಿಡಿಯುತ್ತ ಬಿದ್ದು ಬಿದ್ದು ನಗುತ್ತಿದ್ದ. ಇದೂ ಸಿನಿಮಾದೊಳಗಿನದೇ ಎಂದುಕೊಂಡಿದ್ದ.

ತಂಗಿ ತೂತಿನೊಳಗಿಂದ ನುಗ್ಗಿದಳು. ಜಟ್ಟಿ ಅಂಗಾತ ಬಿದ್ದಿದ್ದ. ಕಿವಿಯಿಂದ ರಕ್ತ, ಬಾಯಲ್ಲಿ ರಕ್ತ, ಅದೇ ಗಂಟಲಿಗೆ ಇಳಿಯುತ್ತಿತ್ತು. ಅವನನ್ನು ಮಗ್ಗುಲಿಗೆ ಹೊರಳಿಸಿ ಬಾಯಲ್ಲಿ ಬೆರಳು ಹಾಕಿ ತೆಗೆದಳು. ಒಂದು ಹಲ್ಲು ಕೈಗೆ ಬಂತು. ಗೊರಕೆ ನಿಂತು ಕೆಮ್ಮು ಬಂತು. ಮೇಲ್ದುಟಿಯ ಮೇಲೆಲ್ಲ ಮಣ್ಣು. ಹೆಬ್ಬೆರಳು ಅಲುಗಲಿಲ್ಲ.

ಆಸ್ಪತ್ರೆಯಲ್ಲಿ ಅತ್ತಿಗೆ ಬಸ್ಸಿನ ಯೂನಿಫಾರ್ಮಿನಲ್ಲೇ ಬಂದು ನಿಂತಳು. ತಂಗಿ ಎಲ್ಲ ಹೇಳಿದಳು, ಮೂರರಿಂದ ಹತ್ತೊಂಬತ್ತರವರೆಗೆ. ಅತ್ತಿಗೆ ಕೇಳಿಸಿಕೊಂಡು ಅವಳ ಕೆನ್ನೆಗೊಂದು ಬಾರಿಸಿದಳು. ಅದೇ ಕೈಯಿಂದ ಅವಳನ್ನು ಎಳೆದು ಪಕ್ಕ ಕೂರಿಸಿಕೊಂಡಳು. ಹನ್ನೊಂದು ದಿನ ಇಬ್ಬರೂ ಆ ಬೆಂಚು ಬಿಟ್ಟು ಕದಲಲಿಲ್ಲ.

ಜಟ್ಟಿ ಬದುಕಿದ. ಎಡಗೈ ಲೋಟ ಹಿಡಿಯಲು ಮತ್ತೆ ಕಲಿಯಬೇಕಾಯಿತು. ಎರಡು ತಿಂಗಳಿಗೆ ಮಾತು ಸರಿಯಾಯಿತು. ಸರಿಯಾಗಿದ್ದೇ ಅವನು ಕೇಳಿದ್ದು, "ಗುಂಡು ಬಂತಾ?" ಮೇಷ್ಟ್ರು ಸೊಟ್ಟ ಮೂಗು ಹೊತ್ತು ಬಂದು ತಂಗಿಗೆ ಹೇಳಿದ್ದರು: "ಅಮ್ಮಾ, ಆಗಿದ್ದಾಯ್ತು. ನನ್ನ ಮೂಗು ಚೆನ್ನಾಗಿ ಬಂದಿದೆ, ಅದನ್ನ ಬಿಡಬೇಡ. ಜಟ್ಟಿದು ಯಾವುದಾದ್ರೂ ಹಳೇ 'ಬಂತಾ' ಅಂಟಿಸಿ ಎರಡು ಸೆಕೆಂಡಿಗೆ ತಂದುಕೊಡು. ಹೊಸ ಸಿನಿಮಾಕ್ಕೆ ಅವನ ಒಪ್ಪಿಗೆ ಕೇಳೋಕೆ ಭಾನುವಾರ ಬರ್ತೀನಿ." ಜಟ್ಟಿ ಒಪ್ಪುವವನೇ ಇದ್ದ. ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು. ಬಿದ್ದದ್ದು ಅವನಿಗೆ ನೆನಪೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ತಂಗಿ ಅವನನ್ನು ಹಿಂಬದಿಯ ಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ಅತ್ತಿಗೆ ಬಾಗಿಲಿಗೆ ಒರಗಿ ನಿಂತಳು.

"ಕತ್ತರಿಸಿಲ್ಲ," ಎಂದಳು ತಂಗಿ. "ಇದ್ದದ್ದು ಇದ್ದ ಹಾಗೆ."

ಪರದೆಯ ಮೇಲೆ ಜಟ್ಟಿ ಪೇಪರ್ ಬಿಡಿಸಿದ. ಗುಂಡು ಹಿಂದಕ್ಕೆ ಹೋಯಿತು, ಬಂತು. ಜಟ್ಟಿ ಪೇಪರಿನ ಸಮೇತ ಹಾರಿ ಗೋಡೆಯಲ್ಲಿ ತೂತಾಗಿ ಮಾಯವಾದ. ಕುರ್ಚಿಯಲ್ಲಿದ್ದ ಜಟ್ಟಿ ಹೋ ಎಂದು ನಕ್ಕ. ಅತ್ತಿಗೆಯ ಬಾಯಿಂದಲೂ ತಡೆಯಲಾರದೆ ಪುಸಕ್ಕೆಂದು ನಗು ಸಿಡಿಯಿತು. ಅವಳು ತಟ್ಟನೆ ಬಾಯಿ ಮುಚ್ಚಿಕೊಂಡಳು.

ಜಟ್ಟಿ ಹೆಬ್ಬೆರಳನ್ನು ಮೇಲ್ದುಟಿಗೆ ಒಯ್ದ, ತೆರೆಯವನ ಜೊತೆ ತಾನೂ ಹೇಳಲೆಂದು. ಒಂದು. ಎರಡು.

ತೂತು ತೂತಾಗಿಯೇ ಇತ್ತು. ಹತ್ತಿಯ ಎಳೆಗಳು ಗಾಳಿಯಲ್ಲಿ ಇಳಿಯುತ್ತಿದ್ದವು.

ಅವನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಒಣಗಿತು. ಹತ್ತಕ್ಕೆ ಅವನು ತಂಗಿಯ ಕಡೆ ನೋಡಿದ. ಅವಳು ನೋಡಲಿಲ್ಲ. ಹದಿನೈದಕ್ಕೆ ಮುಂದಕ್ಕೆ ಬಾಗಿದ.

"ಏಳೋ," ಎಂದ, ಮೆಲ್ಲಗೆ. "ಏಳೋ ಲೇ."

ಇಪ್ಪತ್ತು. ಇಪ್ಪತ್ತೈದು. ಗೊರಕೆ ಶುರುವಾಯಿತು. ಅತ್ತಿಗೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಜಟ್ಟಿಯ ಒಳ್ಳೆಯ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಯಾಕೆ ನಿಂತಿದೀರ್ರೋ? ಯಾರಾದ್ರೂ ಹೋಗ್ರೋ... ಸಾಯ್ತಾ ಇದಾನೆ ಅವನು, ಯಾರಾದ್ರೂ ಹೋಗ್ರೋ!"

ಪರದೆಯಲ್ಲಿ ಕೋಲು ಬೀಸಿದ ಸದ್ದು, ಎಲುಬು ಲಟಕ್ಕೆಂದದ್ದು, ಸೀಟಿಯ ಕೀರಲು. ಆಮೇಲೆ ಇಟ್ಟಿಗೆ ಚೂರುಗಳ ಮೇಲೆ ಓಡುವ ಎರಡು ಪಾದಗಳ ಸದ್ದು.

"ಬಂದ್ಲು," ಎಂದ ಜಟ್ಟಿ. ಹೆಂಡತಿಯ ಕಡೆ ತಿರುಗಿ, ಅವಳಿಗೆ ಕಾಣದ್ದೇನನ್ನೋ ತಿಳಿಸುವವನಂತೆ ಮತ್ತೆ ಹೇಳಿದ. "ಬಂದ್ಲು ಕಣೇ."

ಅಷ್ಟರಲ್ಲಿ ಬೀದಿಯ ಕಡೆಯಿಂದ ಸೀಟಿ ಕೇಳಿಸಿತು. ಮೇಷ್ಟ್ರು ಬಾಗಿಲು ತಟ್ಟುವವರಲ್ಲ, ಊದುವವರು. ಮೂಗು ಸರಿಹೋಗದೆ ಸದ್ದು ಸ್ವಲ್ಪ ಒಡೆದಿತ್ತು. ತಂಗಿ ಏಳಲು ಹೋದಳು. ಜಟ್ಟಿ ಅವಳ ಮಣಿಕಟ್ಟು ಹಿಡಿದು ಕೂರಿಸಿದ. ಎಡಗೈಯಲ್ಲಿ ಹಿಡಿದಿದ್ದ, ಹಿಡಿತದಲ್ಲಿ ಬಲವಿರಲಿಲ್ಲ. ಅವಳು ಬಿಡಿಸಿಕೊಳ್ಳಲಿಲ್ಲ.

"ಬರ್ಲಿ ಒಳಗೆ," ಎಂದ. "ಮೊದಲಿಂದ ಹಾಕು. ಪೂರ್ತಿ ನೋಡ್ಲಿ. ಕೈ ಎತ್ತಿದ್ರೆ ನಾನೇ ಇಳಿಸ್ತೀನಿ."